‘ಅರ್ಗುರೊಸ್’ ಮತ್ತು ‘ಬೆಳ್ಳಿ’

ಪ್ರಾಚೀನ ಗ್ರೀಕರು ಬೆಳ್ಳಿಯನ್ನು ‘ಅರ್ಗುರೊಸ್’ ಎಂದು ಕರೆದರು. ಅದಕ್ಕೆ ಮೂಲವಾದ ಇಂಡೋ-ಯೂರೋಪಿಯನ್ ಧಾತುವಿಗೆ ಬಿಳುಪು, ಹೊಳಪು ಎಂದರ್ಥ. ಲ್ಯಾಟಿನ್ನಿನ ‘ಅರ್ಗೆಂಟುಮ್’, ಸಂಸ್ಕೃತದ ‘ರಜತ’, ‘ಅರ್ಜುನ’ಗಳು ಅದರ ಜ್ಞಾತಿಗಳು. ನಮ್ಮ ‘ಬೆಳ್ಳಿ’ಯ ಬುಡದಲ್ಲಿಯೂ ಬಿಳುಪೇ ಇದೆ. ಈ ಸಾಮ್ಯಕ್ಕೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳನ್ನು ಜೊತೆಗೂಡಿಸಿ, ಲೋಹದೊಡನೆ ಹೆಸರೂ ಪಶ್ಚಿಮದಿಂದ ಬಂದಿತೆಂದು ಊಹಿಸುವುದು ಸುಲಭ, ಆದರೆ ಸಾಧುವಲ್ಲ.

‘ಬೆಳ್’ ದ್ರಾವಿಡ ಧಾತು. ತಮಿಳಿನ ‘ವೆಳ್ಳಿ’, ತುಳುವಿನ ‘ಬೊಳ್ಳಿ’ಗಳು ಸೋದರಶಬ್ದಗಳು, ತಮಿಳಿನ ಆದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯತವಾದ ಧ್ವನಿವ್ಯತ್ಯಾಸ. ಬೆಳ್ದಿಂಗಳು, ಬೆಳ್ಳುಳ್ಳಿಗಳಲ್ಲಿರುವುದೂ ಇದೇ ಧಾತು. ಬೆಳ್ಗೊಳವನ್ನು ಶಾಸನಗಳು ‘ಧವಳಸರೋವರ’ವೆಂದು ಕರೆದಿರುವುದು ಅದರ ಅರ್ಥಕ್ಕೆ ಸಾಕ್ಷಿ. ಧಾತುಗಳು ಬೇರೆ, ಬಣ್ಣದಿಂದ ಲೋಹವನ್ನು ಹೆಸರಿಸುವ ಮನೋಧರ್ಮ ಮಾತ್ರ ಸಮಾನ. ಅರ್ಥಸಾಮ್ಯವನ್ನು ವಂಶಸಾಮ್ಯವೆಂದು ಭ್ರಮಿಸಲಾಗದು.

‘ಅರ್ಗುರೊಸ್’ನ ನಿಜವಾದ ಜ್ಞಾತಿ ಕನ್ನಡದಲ್ಲಿಲ್ಲವೆಂದಲ್ಲ. ಸಂಸ್ಕೃತದಿಂದ ಬಂದ ‘ರಜತ’ವು ನಮ್ಮ ‘ರಜತೋತ್ಸವ’ಗಳಲ್ಲಿದೆ, ಮನೆಯ ದೀಪ, ಬಟ್ಟಲುಗಳು ಇಂದಿಗೂ ‘ಬೆಳ್ಳಿ’ಯವೇ. ವ್ಯಾಪಾರಕ್ಕೆ ನಾಣ್ಯ ಸಾಕ್ಷಿ; ಶಬ್ದದ ವಂಶಕ್ಕೆ ಧ್ವನಿನಿಯಮವೇ ಸಾಕ್ಷಿ. ಇತಿಹಾಸವನ್ನು ಬೋಧಿಸುವ ನಾವು ಒಂದರ ಸಾಕ್ಷ್ಯವನ್ನು ಮತ್ತೊಂದಕ್ಕೆ ಸಲ್ಲಿಸಲಾಗದು.