ಶರಾವತಿಯ ಕಥನಕಾರ ನಾ. ಡಿಸೋಜ

ಜಗಳೂರಿನ ರೈತನು ಮುಗಿಲನ್ನು ನೋಡುತ್ತ ನೀರಿಗಾಗಿ ಕಾಯುವನು. ಚನ್ನಗಿರಿಯ ಸೀಮೆಯು ಸೂಳೆಕೆರೆಯ ಕೃಪೆಯಿಂದ ಹಸುರಾಗಿರುವುದು. ಹೊನ್ನಾಳಿ, ನ್ಯಾಮತಿಗಳ ಜನರು ತುಂಗಭದ್ರೆಯ ಪ್ರಸಾದವನ್ನೂ ಪ್ರಕೋಪವನ್ನೂ ಬಲ್ಲರು. ನೀರು ಮನುಷ್ಯನ ಪ್ರೇಮವನ್ನೂ ವಿಶ್ವಾಸವನ್ನೂ ಹೇಗೆ ಪರೀಕ್ಷಿಸಬಲ್ಲುದೆಂಬುದನ್ನು ಅರಿಯಬಯಸುವ ಈ ಪ್ರಾಂತದ ವಾಚಕನಿಗೆ ನಾ. ಡಿಸೋಜರ ಕಾದಂಬರಿಗಳಷ್ಟು ಆಪ್ತವಾದ ಕೃತಿಗಳು ವಿರಳ.

1997ರವರೆಗೆ ಚನ್ನಗಿರಿ, ಹೊನ್ನಾಳಿಗಳೊಡನೆ ಒಂದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಸಾಗರದ ಕ್ರೈಸ್ತ ಕುಟುಂಬವೊಂದರಲ್ಲಿ 1937ರಲ್ಲಿ ಜನಿಸಿದ ಇವರು, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಜಲವಿದ್ಯುತ್ ಯೋಜನೆಯ ನೆರೆಯಲ್ಲಿಯೇ ಬಾಳಿ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ತೋಟ, ದೇಗುಲಗಳನ್ನು ಕಳೆದುಕೊಂಡವರ ದುಃಖವನ್ನು ಕಣ್ಣಾರೆ ಕಂಡರು. ಆ ದರ್ಶನವೇ ಅವರ ಲೇಖನಿಗೆ ಅಕ್ಷಯವಾದ ಪ್ರೇರಣೆಯಾಯಿತು. ‘ಮುಳುಗಡೆ’ಯೂ ‘ದ್ವೀಪ’ವೂ ಅದರ ಫಲಗಳು.

ಏರುತ್ತಿರುವ ಜಲರಾಶಿಯ ನಡುವೆ ಸಿಲುಕಿದ ಗಣಪಯ್ಯ, ನಾಗವೇಣಿಯರ ದಾಂಪತ್ಯದೊಳಗೆ ಸಂಶಯವು ಮೆಲ್ಲಮೆಲ್ಲನೆ ಪ್ರವೇಶಿಸುವ ‘ದ್ವೀಪ’ದ ಕಥನದಲ್ಲಿ ಪ್ರಣಯವೂ ಉತ್ಕಂಠೆಯೂ ಅಭಿನ್ನವಾಗಿ ಬೆರೆತಿವೆ, ಮಳೆ ಬಲಿತಂತೆಲ್ಲ ವಾಚಕನ ಹೃದಯವೂ ಕಳವಳಗೊಳ್ಳುವುದು. ಗಿರೀಶ ಕಾಸರವಳ್ಳಿಯವರು ಇದನ್ನಾಧರಿಸಿ ನಿರ್ದೇಶಿಸಿದ ಚಿತ್ರವು 2001ನೆಯ ಸಾಲಿನ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ಅವರು ತಮ್ಮ ಸಮುದಾಯದ ಬಾಳನ್ನು ಆತ್ಮೀಯತೆಯಿಂದ ನಿರೂಪಿಸಿದರು.

2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿದ ಅವರು 2025ರಲ್ಲಿ ನಮ್ಮನ್ನಗಲಿದರು. ನಾಡು ಪಡೆದ ವಿದ್ಯುತ್ತಿನ ಬೆಲೆಯನ್ನು ಯಾರು ತೆತ್ತರೆಂಬುದನ್ನು ಕರುಣೆಯಿಂದ ಬರೆದಿಟ್ಟ ಈ ಕೃತಿಗಳನ್ನು ನಮ್ಮ ತಾಲ್ಲೂಕುಗಳ ಗ್ರಂಥಾಲಯಗಳು ಪ್ರತಿಯೊಬ್ಬ ತರುಣ ವಾಚಕನ ಕೈಗೂ ತಲಪಿಸಬೇಕು.