ತಿರುಮಂಗಲಂ ಸೂತ್ರ: ತಪ್ಪು ಹುಡುಕಬೇಕಾದ ಜಾಗ

ಮದುರೈ ದಾಟಿ ತೆಂಕಣಕ್ಕೆ ಹೊರಟರೆ ಸಿಗುವ ತಾಲ್ಲೂಕು ಕೇಂದ್ರ ತಿರುಮಂಗಲಂ. ಸುತ್ತಲ ಹಳ್ಳಿಯವರು ಸಂತೆಗೆ, ಕಚೇರಿ ಕೆಲಸಕ್ಕೆ ಬಂದುಹೋಗುವ ಸಣ್ಣ ಊರು. 2009ರ ಜನವರಿ 9ರಂದು ಅಲ್ಲಿ ನಡೆದ ವಿಧಾನಸಭಾ ಉಪಚುನಾವಣೆಯಲ್ಲಿ ಡಿಎಂಕೆಯ ಲತಾ ಅದಿಯಮಾನ್ 39,266 ಮತಗಳ ಅಂತರದಿಂದ ಗೆದ್ದರು. ಅಂದಿನಿಂದ ತಮಿಳುನಾಡಿನ ಯಾವ ಮೂಲೆಯಲ್ಲಿ ಚುನಾವಣೆಗೆ ಹಣ ಹಂಚಿದ ಸುದ್ದಿ ಬಂದರೂ ಪತ್ರಿಕೆಗಳು 'ತಿರುಮಂಗಲಂ ಫಾರ್ಮುಲಾ' ಎಂದೇ ಬರೆಯುತ್ತವೆ. ಒಂದು ಊರಿನ ಮತದಾರರಿಗೆಲ್ಲ ಸೇರಿಸಿ ಅಂಟಿಸಿದ ಕಳಂಕ ಇದು. ಅದು ಅನ್ಯಾಯ ಎಂಬುದು ನನ್ನ ವಾದ.

ಈ ಸೂತ್ರದ ವಿವರ ಹೊರಜಗತ್ತಿಗೆ ತಿಳಿದದ್ದು ಚೆನ್ನೈನಿಂದ. ಅಲ್ಲಿನ ಅಮೆರಿಕನ್ ಕಾನ್ಸುಲೇಟ್ 2009ರ ಮೇ ತಿಂಗಳಲ್ಲಿ ತನ್ನ ಸರ್ಕಾರಕ್ಕೆ ಕಳಿಸಿದ್ದ ಗೋಪ್ಯ ವರದಿ ವಿಕಿಲೀಕ್ಸ್ ಕೈಗೆ ಸಿಕ್ಕಿ, 2011ರ ಮಾರ್ಚ್‌ನಲ್ಲಿ 'ದಿ ಹಿಂದೂ' ಅದನ್ನು ಪ್ರಕಟಿಸಿತು. ಹಿಂದೆಲ್ಲ ಮಧ್ಯರಾತ್ರಿ ಕದ ತಟ್ಟಿ ಹಣ ಕೊಡುತ್ತಿದ್ದರು. ತಿರುಮಂಗಲಂನಲ್ಲಿ ಮತದಾರರ ಪಟ್ಟಿ ಹಿಡಿದು, ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಲಕೋಟೆ ಇಟ್ಟು ಮನೆಮನೆಗೆ ಮುಟ್ಟಿಸಿದರು, ತಲಾ 5,000 ರೂಪಾಯಿಯ ಜೊತೆಗೆ ಯಾರಿಗೆ ಮತ ಹಾಕಬೇಕೆಂಬ ಚೀಟಿಯೂ ಇತ್ತು ಎಂದು ವರದಿ ಹೇಳಿತು. ಅದರಲ್ಲಿ ಹೆಸರು ಬಂದ ಹಲವರು ಆ ಮಾತುಗಳನ್ನು ನಿರಾಕರಿಸಿದರು.

ವರದಿ ಚುರುಕಾಗಿದೆ, ಹಂಚುವ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಆದರೆ ಅದು ಬಹುಮಟ್ಟಿಗೆ ರಾಜಕಾರಣಿಗಳ, ಪಕ್ಷದ ಕೆಲಸಗಾರರ ಬಾಯಿಮಾತಿನ ಮೇಲೆ ನಿಂತಿದೆ. ಹಣ ಕೊಟ್ಟವನು ತನ್ನ ಹಣವೇ ಗೆಲ್ಲಿಸಿತು ಎಂದು ನಂಬುವುದು ಸಹಜ. ಲಕೋಟೆ ತೆಗೆದುಕೊಂಡವಳು ಮತಯಂತ್ರದ ಮುಂದೆ ನಿಂತು ಏನು ಯೋಚಿಸಿದಳು ಎಂಬುದು ಅಲ್ಲಿ ಕೇಳಿಸುವುದಿಲ್ಲ.

ಮುಂದಿನ ಫಲಿತಾಂಶಗಳು ಆ ನಂಬಿಕೆಯನ್ನು ಎತ್ತಿಹಿಡಿಯಲೂ ಇಲ್ಲ. 2011ರ ವಿಧಾನಸಭಾ ಚುನಾವಣೆಯಲ್ಲಿ ಇದೇ ತಿರುಮಂಗಲಂ ಡಿಎಂಕೆಯನ್ನು ಬಿಟ್ಟು ಎಐಎಡಿಎಂಕೆಯನ್ನು ಆರಿಸಿತು. ಚೆನ್ನೈನ ರಾಧಾಕೃಷ್ಣನ್ ನಗರದ ಕಥೆ ಇನ್ನೂ ಸ್ಪಷ್ಟ. 2017ರ ಏಪ್ರಿಲ್‌ನಲ್ಲಿ ಆದಾಯ ತೆರಿಗೆ ಇಲಾಖೆಯ ದಾಳಿಯಲ್ಲಿ ಸುಮಾರು 89 ಕೋಟಿ ರೂಪಾಯಿ ಹಂಚಿಕೆಯ ಲೆಕ್ಕ ಎನ್ನಲಾದ ಕಾಗದ ಸಿಕ್ಕಿ, ಚುನಾವಣಾ ಆಯೋಗ ಅಲ್ಲಿನ ಉಪಚುನಾವಣೆಯನ್ನೇ ರದ್ದುಮಾಡಿತು. ಡಿಸೆಂಬರ್ 21ರಂದು ಮತ್ತೆ ನಡೆದಾಗಲೂ ಎಲ್ಲ ಕಡೆಯಿಂದ ಹಣದ ಆರೋಪಗಳು ಬಂದವು. ಗೆದ್ದದ್ದು ರಾಜ್ಯದಲ್ಲಿ ಆಳುತ್ತಿದ್ದ ಎಐಎಡಿಎಂಕೆಯೂ ಅಲ್ಲ, ಡಿಎಂಕೆಯೂ ಅಲ್ಲ. ಕುಕ್ಕರ್ ಗುರುತಿನ ಪಕ್ಷೇತರ ಟಿ.ಟಿ.ವಿ. ದಿನಕರನ್, ಅದೂ 40,707 ಮತಗಳಿಂದ. ಡಿಎಂಕೆ ಅಭ್ಯರ್ಥಿ ಠೇವಣಿ ಕಳೆದುಕೊಂಡರು. ಹಣವೊಂದೇ ಮತ ತರುವಂತಿದ್ದರೆ ಆಳುವ ಪಕ್ಷಗಳು ಸೋಲಬಾರದಿತ್ತು.

ಹಾಗಾದರೆ ಲಕೋಟೆ ಮಾಡುವ ಕೆಲಸವೇನು? ಇಲ್ಲಿ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ 1948ರಲ್ಲಿ ನೆಲೆಸಿ ಅಧ್ಯಯನ ಮಾಡಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದವರು ಅವರು. ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆ 1955ರಲ್ಲಿ ಪ್ರಕಟವಾದ ಅವರ ಬರಹದಿಂದ ಬಂದದ್ದು. ಆ ಕಾಲದ ಏರ್ಪಾಡಿನಲ್ಲಿ ಅಭ್ಯರ್ಥಿ ಹಳ್ಳಿಯ ಯಜಮಾನನನ್ನು ಒಲಿಸಿಕೊಂಡರೆ ಸಾಕು, ಆತನ ಹಂಗಿನಲ್ಲಿರುವವರ ಮತಗಳು ಹಿಂದೆಯೇ ಬರುತ್ತಿದ್ದವು. ತಿರುಮಂಗಲಂನ ಲಕೋಟೆ ಯಜಮಾನನ ಜಗಲಿಯನ್ನು ದಾಟಿ ಒಬ್ಬೊಬ್ಬರ ಹೆಸರಿಗೆ ಬಂತು. ಗೌಡರ ಮಾತು ಮೀರುವ ಮತದಾರರು ಹುಟ್ಟಿದ್ದಾರೆ ಎಂಬುದನ್ನು ಪಕ್ಷಗಳೇ ಒಪ್ಪಿಕೊಂಡಂತಾಯಿತು. ಇದನ್ನು ಕೇವಲ ಪತನ ಎಂದು ಓದುವವರು ಅರ್ಧ ಮಾತ್ರ ಓದುತ್ತಾರೆ.

ಇನ್ನರ್ಧ ಕೆಟ್ಟದ್ದು, ಅದನ್ನು ಮುಚ್ಚಿಡಬಾರದು. ಕೋಟಿಗಟ್ಟಲೆ ಚೆಲ್ಲಲಾಗದವನು ಅಭ್ಯರ್ಥಿಯಾಗುವ ಆಸೆಯನ್ನೇ ಬಿಡುತ್ತಾನೆ. ಚೆಲ್ಲಿದವನು ಅದನ್ನು ರಸ್ತೆ, ಮರಳು, ವರ್ಗಾವಣೆಗಳಲ್ಲಿ ವಸೂಲು ಮಾಡುತ್ತಾನೆ. ಮತದಾರರು ಎರಡೂ ಕಡೆಯ ಹಣ ತೆಗೆದುಕೊಂಡು ಮನಸ್ಸಿಗೆ ಬಂದವರಿಗೆ ಒತ್ತಿದರೂ ಈ ನಷ್ಟ ತಪ್ಪುವುದಿಲ್ಲ.

ಹಣದಷ್ಟೇ ಕಾಡಬೇಕಾದ ವಿಷಯ ಇನ್ನೊಂದಿದೆ, ನಮ್ಮ ಚರ್ಚೆಗಳಲ್ಲಿ ಅದು ಬರುವುದೇ ಅಪರೂಪ. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ತುಂಬುವ ನಮೂನೆ 20ನ್ನು ನೋಡಿ: ಸಾಲಿಗೊಂದು ಮತಗಟ್ಟೆ, ಅದರೆದುರು ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಮತ. ಸಣ್ಣ ಊರಿನಲ್ಲಿ ಒಂದು ಮತಗಟ್ಟೆ ಎಂದರೆ ನಾಲ್ಕಾರು ಬೀದಿ, ಒಂದು ಕೇರಿ. ನಮ್ಮ ಕಡೆಯ ಬೂತ್ ಏಜೆಂಟರೂ 'ನಿಮ್ಮ ಬೂತಲ್ಲಿ ಲೀಡ್ ಬರಲಿಲ್ಲ' ಎಂದು ಮುಖಕ್ಕೇ ಹೇಳುವುದು ಈ ಹಾಳೆ ನೋಡಿಯೇ. ವ್ಯಕ್ತಿಯ ಗುಟ್ಟು ಉಳಿದರೂ ಕೇರಿಯ ಗುಟ್ಟು ಬಯಲು. ನಲ್ಲಿ ನೀರು, ಚರಂಡಿ, ಮನೆಪಟ್ಟಾ ಬೇಕಾದವರಿಗೆ ಲಕೋಟೆಗಿಂತ ಈ ಹಾಳೆಯ ಭಯವೇ ಹೆಚ್ಚು. 2019ರಲ್ಲಿ ಮೇನಕಾ ಗಾಂಧಿ ಉತ್ತರ ಪ್ರದೇಶದ ಪ್ರಚಾರಸಭೆಯಲ್ಲಿ, ಬಂದ ಮತಕ್ಕೆ ತಕ್ಕಂತೆ ಹಳ್ಳಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಕೆಲಸ ಮಾಡುವ ಬಗ್ಗೆ ಬಹಿರಂಗವಾಗಿಯೇ ಮಾತಾಡಿದರು.

ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದು ಅದು ತಪ್ಪಿತು. ಹದಿನಾಲ್ಕು ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತ ಮಾತ್ರ ಕೊಡುವ ಟೋಟಲೈಸರ್ ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಹಿಂದುಳಿದಿದ್ದೇವೆಂದು ತಿಳಿದರೆ ಅಲ್ಲಿ ಹೆಚ್ಚು ಕೆಲಸ ಮಾಡಬಹುದು ಎಂಬುದು ಅದನ್ನು ವಿರೋಧಿಸುವವರ ವಾದ. ಹದಿನಾಲ್ಕು ಮತಗಟ್ಟೆಗಳ ಒಟ್ಟು ಲೆಕ್ಕ ಕೈಯಲ್ಲಿದ್ದರೂ ಆ ಕೆಲಸ ಮಾಡಬಹುದು, ಯಾವ ಕೇರಿ ಕೈಕೊಟ್ಟಿತು ಎಂದು ಬೆರಳಿಟ್ಟು ತೋರಿಸಲು ಮಾತ್ರ ಆಗುವುದಿಲ್ಲ.