‘ರೂಪಾಯಿಯ ಸಮಸ್ಯೆ’: ವಿನಿಮಯದ ದರವೂ ನಾಣ್ಯದ ಬೆಲೆಯೂ

ಎರಡು ದೇಶಗಳ ನಾಣ್ಯಗಳು ಯಾವ ಕಾಲದಲ್ಲಿ ಯಾವ ದರಕ್ಕೆ ವಿನಿಮಯವಾಗುತ್ತಿದ್ದುವೆಂಬ ವಿಷಯವು ಅಂಕಿಗಳ ಪಟ್ಟಿಯೇ ಹೊರತು ವಿಮರ್ಶೆಗೆ ಯೋಗ್ಯವಾದ ವಸ್ತುವಲ್ಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಈ ಭಾವನೆಯನ್ನು ತಿದ್ದಬಲ್ಲ ಗ್ರಂಥಗಳಲ್ಲಿ ಡಾ. ಭೀಮರಾವ್ ಅಂಬೇಡ್ಕರರ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಎಂಬುದು ಮುಖ್ಯವಾದುದು. ಲಂಡನ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧರೂಪದಲ್ಲಿ ಒಪ್ಪಿಸಲ್ಪಟ್ಟು 1923ರಲ್ಲಿ ಅಚ್ಚಾದ ಈ ಕೃತಿಯು ರೂಪಾಯಿಗೂ ಇಂಗ್ಲೆಂಡಿನ ಪೌಂಡಿಗೂ ಇದ್ದ ಸಂಬಂಧವನ್ನು ಏಳು ಅಧ್ಯಾಯಗಳಲ್ಲಿ ವಿಚಾರಿಸುತ್ತದೆ. ದರವೆಂಬುದು ಬಿಂಬವಲ್ಲ, ಪ್ರತಿಬಿಂಬ ಮಾತ್ರ ಎಂಬುದೇ ಅದರ ಪ್ರತಿಪಾದನೆಯ ಸಾರ.

ಕಥಾವಸ್ತುವು ಸಂಕ್ಷೇಪವಾಗಿ ಹೀಗಿದೆ. 1835ರ ಶಾಸನದಂತೆ ರೂಪಾಯಿಯು 180 ಗ್ರೇನ್ ತೂಕವುಳ್ಳ, 165 ಗ್ರೇನ್ ಶುದ್ಧ ಬೆಳ್ಳಿಯನ್ನು ಒಳಗೊಂಡ ನಾಣ್ಯವಾಗಿದ್ದಿತು. ಪೌಂಡಿಗಾದರೋ ಚಿನ್ನವೇ ಆಧಾರ. 1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಷಿಲಿಂಗ್ ದೊರೆಯುತ್ತಿದ್ದಿತು. ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಹಿಡಿದ ಮೇಲೆ ಬೆಳ್ಳಿಯ ಧಾರಣೆಯು ಇಳಿಯುತ್ತ ಬಂದು, 1894-95ರ ವೇಳೆಗೆ ರೂಪಾಯಿಯು ಸುಮಾರು 13 ಪೆನ್ಸಿಗೆ ಕುಸಿಯಿತು. ಲಂಡನ್ನಿನಲ್ಲಿ 1 ಕೋಟಿ ಪೌಂಡುಗಳನ್ನು ಸಲ್ಲಿಸಬೇಕಾದಾಗ, ಮೊದಲು 10 ಕೋಟಿ ರೂಪಾಯಿ ಸಾಕಾಗಿದ್ದ ಬೊಕ್ಕಸಕ್ಕೆ ಈಗ ಸುಮಾರು 18½ ಕೋಟಿ ಬೇಕಾಯಿತು. 1893ರಲ್ಲಿ ಟಂಕಸಾಲೆಗಳು ಪ್ರಜೆಗಳ ಬೆಳ್ಳಿಗೆ ಮುಚ್ಚಲ್ಪಟ್ಟುವು. 1899ರಲ್ಲಿ 15 ರೂಪಾಯಿಗೆ ಒಂದು ಸವರನ್, ಎಂದರೆ ರೂಪಾಯಿಗೆ 1 ಷಿಲಿಂಗ್ 4 ಪೆನ್ಸ್ ಎಂಬ ದರ ನಿಂತಿತು.

ಈ ಸಂಗತಿಗಳನ್ನು ಇತರರೂ ಬರೆದಿದ್ದಾರೆ. ಅಂಬೇಡ್ಕರರ ವೈಶಿಷ್ಟ್ಯವು ಅವುಗಳಿಗೆ ಅವರು ಹಾಕಿದ ಪ್ರಶ್ನೆಯಲ್ಲಿದೆ. ದರ ಇಳಿದಾಗ ಲಾಭವಾದುದು ಯಾರಿಗೆ? ರಫ್ತು ಹೆಚ್ಚಿದುದರಿಂದ ದೇಶಕ್ಕೇ ಲಾಭವಾಯಿತೆಂಬ ವಾದವನ್ನು ಅವರು ಒಪ್ಪುವುದಿಲ್ಲ. ಪದಾರ್ಥಗಳ ಬೆಲೆ ಏರಿದಷ್ಟು ಬೇಗ ಕೂಲಿ ಏರಲಿಲ್ಲವಾದುದರಿಂದ ವರ್ತಕನ ಲಾಭವು ಕೂಲಿಕಾರನ ಕೈಯಿಂದಲೇ ಬಂದಿತೆಂದೂ, ಅದು ಹೊರಗಿನಿಂದ ಬಂದ ಸಂಪತ್ತಲ್ಲವೆಂದೂ ಅವರು ತೋರಿಸುತ್ತಾರೆ. ಗ್ರಂಥದ ಅತ್ಯುತ್ತಮ ಭಾಗವಿದು. ಇಲ್ಲಿ ಅಂಕಿಗಳ ಹಿಂದೆ ಮನುಷ್ಯರು ಕಾಣಿಸಿಕೊಳ್ಳುತ್ತಾರೆ. ಆದರೂ ಶೈಲಿಯು ಕರುಣೆಯನ್ನು ಯಾಚಿಸುವುದಿಲ್ಲ, ತರ್ಕದಿಂದಲೇ ಒಪ್ಪಿಸುತ್ತದೆ.

ಎರಡನೆಯ ವಾದವು ಜಾನ್ ಮೇನಾರ್ಡ್ ಕೇನ್ಸರಿಗೆ ಎದುರಾದುದು. ದೇಶದೊಳಗೆ ರೂಪಾಯಿಯೂ ಹೊರದೇಶದ ಸಲ್ಲಿಕೆಗೆ ಮಾತ್ರ ಚಿನ್ನವೂ ಎಂಬ ವ್ಯವಸ್ಥೆಯನ್ನು ಕೇನ್ಸರು 1913ರ ತಮ್ಮ ಗ್ರಂಥದಲ್ಲಿ ಪ್ರಶಂಸಿಸಿದ್ದರು. ಅಂಬೇಡ್ಕರರ ಆಕ್ಷೇಪವೇನೆಂದರೆ, ದರವು ಸ್ಥಿರವಾಗಿರುವುದು ಬೇರೆ, ನಾಣ್ಯದ ಕ್ರಯಶಕ್ತಿಯು ಸ್ಥಿರವಾಗಿರುವುದು ಬೇರೆ. ಎಷ್ಟು ರೂಪಾಯಿಗಳನ್ನು ಟಂಕಿಸಬೇಕೆಂಬುದು ಸರ್ಕಾರದ ಇಚ್ಛೆಗೆ ಬಿಟ್ಟಿದ್ದರೆ, ಲಂಡನ್ನಿನ ದರ ಅಲುಗಾಡದಿದ್ದಾಗಲೂ ಪೇಟೆಯಲ್ಲಿ ರೂಪಾಯಿಯ ಬೆಲೆ ಕರಗಬಹುದು. ಗ್ರಂಥಕ್ಕೆ ಮುನ್ನುಡಿ ಬರೆದ ಪ್ರೊಫೆಸರ್ ಎಡ್ವಿನ್ ಕ್ಯಾನನ್ನರು ಈ ವಾದಗಳಲ್ಲಿ ಹೆಚ್ಚಿನವನ್ನು ಒಪ್ಪದಿದ್ದರೂ ಅವುಗಳ ನವೀನತೆಯನ್ನು ಮುಕ್ತಕಂಠದಿಂದ ಮೆಚ್ಚಿದುದು ಗುರುವಿನ ಔದಾರ್ಯಕ್ಕೂ ಶಿಷ್ಯನ ಸ್ವಾತಂತ್ರ್ಯಕ್ಕೂ ಸಾಕ್ಷಿಯಾಗಿದೆ.

ಮುಂದಿನ ಚರಿತ್ರೆಯು ಯಾರ ಪಕ್ಷಕ್ಕೆ ನುಡಿಯಿತೆಂಬುದು ವಿಚಾರಾರ್ಹ. 1920ರಲ್ಲಿ ಶಾಸನಬದ್ಧವಾದ 2 ಷಿಲಿಂಗ್ ದರವು ನಿಲ್ಲಲಾರದೆ ಬಿದ್ದುಹೋಯಿತು. 1927ರಲ್ಲಿ 1 ಷಿಲಿಂಗ್ 6 ಪೆನ್ಸ್ ಎಂದು ನಿಗದಿಯಾಯಿತು. 4 ಪೆನ್ಸೋ 6 ಪೆನ್ಸೋ ಎಂಬ ವಾಗ್ವಾದವು ಆ ಕಾಲದ ಪತ್ರಿಕೆಗಳನ್ನೂ ಸಭೆಗಳನ್ನೂ ತುಂಬಿದ್ದಿತು. 1931ರಲ್ಲಿ ಪೌಂಡು ಚಿನ್ನವನ್ನು ಬಿಟ್ಟಾಗಲೂ ರೂಪಾಯಿ ಅದೇ ದರದಲ್ಲಿ ಪೌಂಡಿಗೆ ಅಂಟಿಕೊಂಡಿತು. 1939ರಿಂದ 1945ರವರೆಗಿನ ಯುದ್ಧಕಾಲದಲ್ಲಿ ಆ ದರ ಕದಲಲಿಲ್ಲ. ಆದರೆ ಭಾರತದ ಸಗಟು ಬೆಲೆಗಳು ಎರಡು ಪಟ್ಟಿಗೂ ಮೀರಿ ಏರಿದುವು, 1943ರಲ್ಲಿ ಬಂಗಾಳದ ಬಡವನಿಗೆ ಅಕ್ಕಿ ಕೈಗೆಟುಕದೆ ಹೋಯಿತು. ಕ್ಷಾಮಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೂ ಸ್ಥಿರವಾದ ದರವು ಪ್ರಜೆಯ ಊಟಕ್ಕೆ ಹೊಣೆಯಾಗಲಾರದೆಂಬ ಅಂಬೇಡ್ಕರರ ಮಾತಿಗೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಗ್ರಂಥದ ದೌರ್ಬಲ್ಯವು ಪರಿಹಾರಭಾಗದಲ್ಲಿದೆ. ರೂಪಾಯಿಗಳನ್ನು ಟಂಕಿಸುವುದನ್ನು ಸರ್ಕಾರವೂ ನಿಲ್ಲಿಸಬೇಕು, ಚಿನ್ನದ ಟಂಕಸಾಲೆ ತೆರೆಯಬೇಕು ಎಂಬುದು ಅವರ ಸೂಚನೆ. ರೋಗನಿದಾನದಲ್ಲಿ ಕಾಣುವ ಸೂಕ್ಷ್ಮತೆ ಚಿಕಿತ್ಸೆಯಲ್ಲಿ ಅದೇ ಪ್ರಮಾಣದಲ್ಲಿ ಕಾಣುವುದಿಲ್ಲ. ಸುಗ್ಗಿಯ ಕಾಲದಲ್ಲಿ ಹಣದ ಬೇಡಿಕೆ ಏರಿ ಮಳೆಗಾಲದಲ್ಲಿ ಇಳಿಯುವ ಕೃಷಿಪ್ರಧಾನ ದೇಶಕ್ಕೆ ಮಿತಿಗೊಳಿಸಿದ ನಾಣ್ಯರಾಶಿಯು ಹೇಗೆ ಒದಗೀತೆಂಬ ಸಂದೇಹವು ಗ್ರಂಥವನ್ನು ಮುಚ್ಚಿದ ಮೇಲೂ ಉಳಿಯುತ್ತದೆ. ಯುದ್ಧಕಾಲದಲ್ಲಿ ಬೆಲೆಗಳನ್ನು ಏರಿಸಿದುದಾದರೂ ಮುಖ್ಯವಾಗಿ ಬೆಳ್ಳಿಯ ನಾಣ್ಯವಲ್ಲ, ಲಂಡನ್ನಿನ ಸಾಲಪತ್ರಗಳನ್ನು ಆಧಾರವಾಗಿಟ್ಟುಕೊಂಡು ಅಚ್ಚಾದ ಕಾಗದದ ನೋಟು. ಟಂಕಸಾಲೆಯ ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಅಚ್ಚುಕೂಟದ ಬಾಗಿಲು ಮುಚ್ಚುವುದಿಲ್ಲ.

ಪೌಂಡಿಗೆ ಕಟ್ಟಿದ್ದ ರೂಪಾಯಿಯ ಹಗ್ಗವು 1975ರಲ್ಲಿ ಕಳಚಿತು. ಆ ಮಟ್ಟಿಗೆ ಗ್ರಂಥದ ವಿವಾದಗಳು ಇತಿಹಾಸಕ್ಕೆ ಸೇರಿದುವು. ಅದರ ವಿವೇಚನಾಕ್ರಮಕ್ಕೆ ಮಾತ್ರ ಮುಪ್ಪು ಬಂದಿಲ್ಲ. ದರ, ಧಾರಣೆ, ಬೆಲೆ ಎಂಬ ಮಾತುಗಳನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಬಳಸುವ ಅಭ್ಯಾಸವು ಕನ್ನಡದ ಶಾಸ್ತ್ರಗದ್ಯದಲ್ಲಿ ಸಾಮಾನ್ಯವಾಗಿರುವುದರಿಂದ, ಒಂದು ಪದದ ಅರ್ಥವನ್ನು ಮತ್ತೊಂದರಿಂದ ಬೇರ್ಪಡಿಸುತ್ತಲೇ ವಾದವನ್ನು ಕಟ್ಟುವ ಈ ಕೃತಿಯು, ವಿಶೇಷವಾಗಿ ಅದರ ಮೂರನೆಯ ಮತ್ತು ಆರನೆಯ ಅಧ್ಯಾಯಗಳು, ಅರ್ಥಶಾಸ್ತ್ರದವರಿಗೆ ಮಾತ್ರವಲ್ಲದೆ ಭಾಷೆಯ ಅಧ್ಯಾಪಕರಿಗೂ ಪರಿಶೀಲನಾರ್ಹವಾಗಿವೆ.